ಗಾಳಿ ತಗೊಂಡವನು

ಅರ್ಧ ಪಾತ್ರೆ ಅವರೆಕಾಳು ಹಿತುಕಿ ಆಗಿತ್ತು; ಇನ್ನರ್ಧ ನೀರಿನಲ್ಲಿ ಉಬ್ಬಿಕೊಂಡು ಕೂತಿತ್ತು. ಕದಿರಮ್ಮ ಬೆರಳುಗಳ ನಡುವೆ ಒಂದೊಂದೇ ಕಾಳನ್ನು ಒತ್ತಿದಾಗ ಅದು ಸಿಪ್ಪೆ ಬಿಟ್ಟು ಚಿಮ್ಮಿ ತಟ್ಟೆಗೆ ಬೀಳುತ್ತಿತ್ತು. ಒಂದು ಕಾಳು ದಾರಿ ತಪ್ಪಿ, ಎದುರು ಕೂತಿದ್ದ ಅತ್ತಿಗೆ ಪಾಪಮ್ಮನ ಕೆನ್ನೆಗೆ ಹೊಡೆಯಿತು.

“ಯಾರ ಮೇಲಿನ ಸಿಟ್ಟನ್ನ ಕಾಳಿನ ಮೇಲೆ ತೀರಿಸ್ಕೋತಿದ್ದೀಯೇ?” ಅಂದಳು ಪಾಪಮ್ಮ.

“ಗೊತ್ತಿದ್ದೂ ಕೇಳ್ತೀಯಲ್ಲ ಅತ್ತಿಗೆ.”

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಕದಿರಮ್ಮನ ಕೈ ಒದ್ದೆ. ಪಾಪಮ್ಮನೇ ಒತ್ತಿ, ಸ್ಪೀಕರಿಗೆ ಹಾಕಿ, ಇಬ್ಬರ ನಡುವೆ ನೆಲದ ಮೇಲಿಟ್ಟಳು. ಮಾತಾಡಿದ್ದು ಗಣಿಯ ಗಾಳಿಮನೆಯ ಮ್ಯಾನೇಜರ್ ತಬಸ್ಸುಮ್.

“ಕದಿರಮ್ಮೋರೆ, ಮೇನ್‌ಫ್ರೇಮಿಗೆ ಹೊಸ ಸಿಸ್ಟಂ ಬಂದಿದೆ. ಭಾನುವಾರವೇ ಹಾಕಬೇಕಂತೆ. ಯಾವ ವಿಧಾನದಲ್ಲಿ ಹಾಕೋದು ಅಂತ ನಾಳೆ ಫಾರಂ ತುಂಬಿ ಕೊಡಬೇಕು. ಅದನ್ನ ನಿಮಗೇ ಬಿಟ್ಟಿದ್ದೀನಿ.”

“ಮೊದಲನೇದು,” ಅಂದಳು ಕದಿರಮ್ಮ.

“ಸ್ವಲ್ಪ ಯೋಚನೆ ಮಾಡಿ ಹೇಳಿ.”

“ಇಪ್ಪತ್ತಾರು ವರ್ಷದಿಂದ ಮಾಡ್ತಾನೇ ಇದೀನಿ ಮೇಡಂ.”

ಫೋನು ಇಟ್ಟಮೇಲೆ ಪಾಪಮ್ಮ ಕೇಳಿದಳು, “ಮೊದಲನೇದು ಅಂದ್ರೆ ಏನು?”

“ಹಳೇದನ್ನೆಲ್ಲ ಒರೆಸಿ, ಅದೇ ಜಾಗದಲ್ಲಿ ಹೊಸದು ಹಾಕೋದು. ಭಾನುವಾರ ಸಾಯಂಕಾಲದ ಹೊತ್ತಿಗೆ ರಾಯರು ಇರಲ್ಲ.”

“ಆ ಮನುಷ್ಯ ಸತ್ತು ಎಂಟು ವರ್ಷ ಆಯ್ತಲ್ಲೇ.”

“ಸತ್ತಿದ್ದು ಮೈ ಮಾತ್ರ ಅತ್ತಿಗೆ. ಮಿಕ್ಕಿದ್ದನ್ನ ನಾನು ಸಾಯಿಸ್ತೀನಿ.”

ಬಿಳಿಗುಡ್ಡದ ಗಣಿಯಲ್ಲಿ ಚಿನ್ನ ಮುಗಿದು ಎರಡು ತಲೆಮಾರಾಗಿತ್ತು. ಈಗ ಮೂರು ಕಿಲೋಮೀಟರ್ ಕೆಳಗಿನ ಬಂಡೆಯಿಂದ ಬ್ಯಾಟರಿಗೆ ಬೇಕಾದ ಯಾವುದೋ ಲೋಹ ತೆಗೆಯುತ್ತಿದ್ದರು. ಅಷ್ಟು ಆಳದಲ್ಲಿ ಬಂಡೆಯೇ ಒಲೆಯ ಹಾಗೆ ಕಾದಿರುತ್ತದೆ. ಮೇಲಿನಿಂದ ಹನ್ನೆರಡು ದೊಡ್ಡ ಫ್ಯಾನುಗಳು ತಂಪುಗಾಳಿ ದೂಡಿದರೆ ಕೆಳಗಿನವರು ಬದುಕುತ್ತಾರೆ, ಇಲ್ಲದಿದ್ದರೆ ಇಲ್ಲ. ಯಾವ ಸುರಂಗಕ್ಕೆ ಎಷ್ಟು ಗಾಳಿ ಎಂದು ಹಂಚುವುದು ಗಾಳಿಮನೆಯಲ್ಲಿರುವ ಮೇನ್‌ಫ್ರೇಮ್.

ಯಂತ್ರಕ್ಕೆ ಏನೇ ಗೊತ್ತಿರಲಿ, ಗಣಿಯವರಿಗೆ ಒಂದು ಬಾಯಿಮಾತಿನ ಕಟ್ಟಳೆ ಇತ್ತು. ಫ್ಯಾನಿನ ಕುರ್ಚಿಯಲ್ಲಿ ಕೂತವನು ಏಳುವ ಮೊದಲು “ಗಾಳಿ ಒಪ್ಪಿಸಿದೆ” ಅನ್ನಬೇಕು. ಮುಂದಿನವನು “ಗಾಳಿ ತಗೊಂಡೆ” ಅನ್ನಬೇಕು. ಆ ಎರಡನೇ ಮಾತು ಕಿವಿಗೆ ಬೀಳುವ ತನಕ, ಹೆಂಡತಿ ಹೆರಿಗೆಗೆ ಕೂತಿದ್ದರೂ ಯಾರೂ ಕುರ್ಚಿ ಬಿಡುತ್ತಿರಲಿಲ್ಲ. ಬಿಟ್ಟವನ ಮನೆಯ ನೀರನ್ನು ಗಣಿಯವರ ಮನೆಸಾಲಾದ ಲೈನಿನಲ್ಲಿ ಯಾರೂ ಮುಟ್ಟುತ್ತಿರಲಿಲ್ಲ.

ಪಾಪಮ್ಮನ ಗಂಡ, ಕದಿರಮ್ಮನ ಅಣ್ಣ ಅಂಜಿನಪ್ಪ, ನಾಲ್ಕನೇ ಫ್ಯಾನಿನ ಕುರ್ಚಿಯವನು. ಇಪ್ಪತ್ತಾರು ವರ್ಷದ ಹಿಂದೆ ಒಂದು ಬೆಳಗ್ಗೆ ಆ ಫ್ಯಾನು ಹನ್ನೊಂದು ನಿಮಿಷ ನಿಂತಿತು. ಕೆಳಗೆ ಒಂಬತ್ತು ಜನ ಉಸಿರುಕಟ್ಟಿ ಸತ್ತರು. ಅವರನ್ನು ತರಲು ಮುಖವಾಡವೂ ಇಲ್ಲದೆ ಇಳಿದ ಅಂಜಿನಪ್ಪ ಹತ್ತನೆಯವನಾದ. ವಿಚಾರಣೆಯಲ್ಲಿ, ಗಾಳಿ ಒಪ್ಪಿಸದೆ ಕುರ್ಚಿ ಬಿಟ್ಟ ಎಂದು ಬರೆದರು. ಹಾಗೆ ಹೇಳಿದವರು ಗಾಳಿಮನೆಯ ಸೂಪರಿಂಟೆಂಡೆಂಟ್ ಜಗನ್ನಿವಾಸ ರಾವ್.

ಆಗ ಕದಿರಮ್ಮ ಅದೇ ಗಾಳಿಮನೆಯಲ್ಲಿ ಟೇಪು ಹೊರುವ ಕೆಲಸದವಳು. ಅಡ್ಡಗೋಡೆಯ ಆಚೆಯಿಂದ, ಫೋನಿನಲ್ಲಿ ರಾಯರು “ಗಾಳಿ ತಗೊಂಡೆ, ನೀನು ಹೋಗಿ ಮೂರನೇ ಫ್ಯಾನು ನೋಡು” ಅಂದದ್ದನ್ನು ಅವಳು ತನ್ನ ಕಿವಿಯಾರೆ ಕೇಳಿದ್ದಳು. ಹೇಳಿದಳು ಕೂಡ. “ಟೇಪು ಹೊರೋಳಿಗೆ ಏನು ಗೊತ್ತಾಗುತ್ತೆ, ಅದರ ಮೇಲೆ ಸ್ವಂತ ತಂಗಿ ಬೇರೆ,” ಎಂದು ರಾಯರು ನಕ್ಕಿದ್ದರು. ಆ ದಿನದ ದಾಖಲೆ ಇದ್ದ ಟೇಪಿನ ಮೇಲೆ ಮಾರನೇ ದಿನವೇ ಬೇರೇನೋ ಬರೆದು ಮುಗಿಸಿದ್ದರು.

ಅವಳ ಮಾತನ್ನು ನಂಬಿದವನು ಒಬ್ಬನೇ, ಆಗಿನ ಸುರಕ್ಷತಾ ಅಧಿಕಾರಿ ಆಂಬ್ರೋಸ್. ಅವನು ಪಾಪಮ್ಮನ ಹೆಸರಿಗೆ ಒಂದು ಕಾಗದ ಬರೆಸಿ ಸಹಿ ಮಾಡಿಟ್ಟ. “ನಿಮ್ಮ ಯಜಮಾನರು ಗಾಳಿ ಒಪ್ಪಿಸಿಯೇ ಕುರ್ಚಿ ಬಿಟ್ಟಿದ್ದರು. ತಪ್ಪು ಅವರದಲ್ಲ. ಆಧಾರ: ದಾಖಲೆ ಸಂಖ್ಯೆ” ಎಂದು ಬರೆದು ಮುಂದೆ ಒಂದು ಖಾಲಿ ಗೆರೆ ಬಿಟ್ಟಿದ್ದ. ಆ ಗೆರೆ ತುಂಬದೆ ಕಾಗದ ಹೊರಡುವಂತಿಲ್ಲ. ಆಂಬ್ರೋಸನಿಗೆ ವರ್ಗವಾಯಿತು. ಕಾಗದ ಫೈಲಿನಲ್ಲೇ ಉಳಿಯಿತು. ಪ್ರತಿವರ್ಷ ಪಾಪಮ್ಮ ಹೋಗಿ, ಗೆರೆ ತುಂಬಿತಾ ಎಂದು ಕೇಳುವಳು. ಇಲ್ಲ ಎನ್ನುವರು. ಲೈನಿನಲ್ಲಿ ಅವಳ ಮನೆಗೆ ನಂಬರು ಹೋಗಿ ‘ಕುರ್ಚಿ ಬಿಟ್ಟೋನ ಮನೆ’ ಎಂಬ ಹೆಸರೇ ನಿಂತುಬಿಟ್ಟಿತ್ತು.

ಇತ್ತ ರಾಯರು ದೊಡ್ಡವರಾದರು. ರಿಟೈರಾಗುವಾಗ ಅವರ ಎರಕ ಹೊಯ್ದರು. ಒಬ್ಬ ಅಧಿಕಾರಿ ನೌಕರಿಯುದ್ದಕ್ಕೂ ಏನೇನು ಮಾಡಿದ, ಯಾಕೆ ಮಾಡಿದ ಎಂಬುದನ್ನೆಲ್ಲ ಸೇರಿಸಿ, ಅವನ ಹಾಗೆಯೇ ಯೋಚಿಸಿ ಅವನ ದನಿಯಲ್ಲೇ ಮಾತಾಡುವ ಒಂದು ವರ್ಚುವಲ್ ಮೆಷಿನ್ ಮಾಡಿ ಮೇನ್‌ಫ್ರೇಮಿನೊಳಗೆ ಕೂರಿಸುವುದಕ್ಕೆ ಎರಕ ಎನ್ನುತ್ತಿದ್ದರು. ಹೀಗಾಗಿ ದೇಹ ಹೋದ ಮೇಲೂ ರಾಯರೇ ಗಾಳಿ ಹಂಚುತ್ತಿದ್ದರು. ಕದಿರಮ್ಮ ಟೇಪು ಹೊರುತ್ತ, ಆಮೇಲೆ ಕನ್ಸೋಲ್ ನೋಡುತ್ತ, ಆಮೇಲೆ ಸಿಸ್ಟಂ ಕಲಿಯುತ್ತ, ಇಡೀ ಯಂತ್ರಕ್ಕೆ ಕೈ ಹಾಕಬಲ್ಲ ಕುರ್ಚಿಗೆ ಬಂದು ಕೂತಿದ್ದಳು. ಬೇರೆ ಯಾವ ಆಸೆಗೂ ಅಲ್ಲ.

“ಒರೆಸಿದರೆ ನಿನಗೆ ತೃಪ್ತಿ,” ಅಂದಳು ಪಾಪಮ್ಮ, ಸಿಪ್ಪೆಯನ್ನು ಒಟ್ಟುಮಾಡುತ್ತ. “ನನಗೇನು ಬಂತು? ನನಗೆ ಬೇಕಾದ್ದು ಆ ಕಾಗದ.”

ಕದಿರಮ್ಮ ಪಾತ್ರೆಯನ್ನು ಹತ್ತಿರ ಎಳೆದುಕೊಂಡಳು. ಕಾಳು ಹಿತುಕಿದಳು.

ಮಾರನೇ ದಿನ ಶನಿವಾರ. ಗಾಳಿಮನೆಯಲ್ಲಿ ಫಾರಂ ಮೇಜಿನ ಮೇಲಿತ್ತು. ಮೂರು ಚೌಕ, ಮೂರು ವಿಧಾನ. ಈ ಸಿಸ್ಟಮ್ಮಿನ ಕೆಲಸ ಏನೆಂದರೆ, ಒಂದೇ ಯಂತ್ರವನ್ನು ಹಲವು ಅತಿಥಿಗಳಿಗೆ ಹಂಚಿ, ಪ್ರತಿ ಅತಿಥಿಗೂ ಇಡೀ ಯಂತ್ರ ತನ್ನದೇ ಅನ್ನಿಸುವ ಹಾಗೆ ನೋಡಿಕೊಳ್ಳುವುದು. ಛತ್ರದ ಯಜಮಾನನ ಹಾಗೆ. ಮೊದಲನೇ ವಿಧಾನದಲ್ಲಿ ಹಳೇ ಛತ್ರವನ್ನು ಅತಿಥಿಗಳ ಸಮೇತ ಕೆಡವಿ ಹೊಸದು ಕಟ್ಟುತ್ತಾರೆ. ಎರಡನೇದರಲ್ಲಿ ಹೊಸ ಛತ್ರವನ್ನೇ ಹಳೇದರ ಒಂದು ಕೋಣೆಯಲ್ಲಿ ಅತಿಥಿಯಾಗಿ ಇಟ್ಟು, ತಿಂಗಳುಗಟ್ಟಲೆ ನಿಧಾನವಾಗಿ ಬಲಿಯಲು ಬಿಡುತ್ತಾರೆ. ಅಷ್ಟು ಸಮಯ ಇಲ್ಲವೆಂದು ಮೇಲಿನವರು ಆಗಲೇ ಬೇಡ ಅಂದಿದ್ದರು. ಮೂರನೇದು ತಲೆಕೆಳಗು. ಹೊಸದನ್ನು ಬೇರೆ ಡಿಸ್ಕುಗಳ ಮೇಲೆ ನೇರವಾಗಿ ಯಂತ್ರಕ್ಕೆ ಹಾಕಿ, ಹಳೇ ಛತ್ರವನ್ನು ಯಜಮಾನನ ಸಮೇತ ಹೊಸದರ ಒಂದು ಕೋಣೆಯಲ್ಲಿ ಕೂರಿಸುವುದು. ಶ್ರಮ ಜಾಸ್ತಿ, ಯಾರೂ ಮಾಡುವುದಿಲ್ಲ.

ಕದಿರಮ್ಮ ಪೆನ್ನು ತೆಗೆದಳು. ಸ್ಪೀಕರಿನಿಂದ ರಾಯರ ದನಿ ಬಂತು.

“ಏನಮ್ಮಾ ಟೇಪಮ್ಮ, ನನ್ನ ತಿಥಿ ಗೊತ್ತು ಮಾಡ್ತಿದೀಯಂತೆ.”

“ಹೌದು ಸಾರ್. ಭಾನುವಾರ ಒಳ್ಳೇ ದಿನ.”

“ಮೊದಲನೇದೇ ಹಾಕು. ಬೇರೆ ಯಾವುದಕ್ಕೂ ಹೋಗಬೇಡ. ಮೂರನೇದಂತೂ ನಿನ್ನ ಕೈಲಾಗೋ ಕೆಲಸ ಅಲ್ಲ. ಹಳೇ ಕಸ ಯಾಕಮ್ಮ, ಪೂರ್ತಿ ಒರೆಸಿಬಿಡು.”

ಕದಿರಮ್ಮನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು. ಅರವತ್ತು ತುಂಬಿದರೂ ಕುರ್ಚಿ ಬಿಡದೆ ಎರಡು ಸಲ ಅವಧಿ ಹೆಚ್ಚಿಸಿಕೊಂಡ ಮನುಷ್ಯ. ಸತ್ತ ಮೇಲೂ ಇರಬೇಕೆಂದು ಎರಕ ಹೊಯ್ಸಿಕೊಂಡವನು. ಅಂಥವನು ತನ್ನನ್ನು ಒರೆಸು ಎಂದು ಕೇಳಿಕೊಳ್ಳುವುದೇ?

ಎದ್ದು ತಬಸ್ಸುಮ್ಮಳ ಕೋಣೆಗೆ ಹೋದಳು. “ಮೇಡಂ, ರಾಯರ ಎರಕ ಹೊಯ್ದಿದ್ದು ಯಾವುದರಿಂದ?”

“ಅವರ ಚೀಟಿಗಳಿಂದ. ಯಾಕೆ, ನಿಮಗೆ ಗೊತ್ತಿಲ್ವಾ? ಏನೇ ಮಾಡಿದರೂ ಯಾಕೆ ಮಾಡಿದೆ ಅಂತ ಬರೆದು ತಮಗೆ ತಾವೇ ಒಂದು ಚೀಟಿ ಕಳಿಸ್ಕೊಳ್ಳೋ ಚಾಳಿ ಅವರಿಗೆ. ಮೂವತ್ತು ವರ್ಷದ ಚೀಟಿ. ಅದಕ್ಕೇ ಅವರ ಎರಕ ಅಷ್ಟು ಚೆನ್ನಾಗಿ ಬಂದಿದ್ದು.”

“ಬೇಡದ ಚೀಟಿ ತೆಗೆದುಬಿಟ್ಟಿರ್ತಾರೆ, ಅಲ್ವಾ?”

“ತೆಗೆಯೋಕಾಗಲ್ಲ ಕದಿರಮ್ಮೋರೆ. ನಂಬರಿನಲ್ಲಿ ಒಂದು ತಪ್ಪಿದರೂ ಎರಕ ಏಳೋದೇ ಇಲ್ಲ. ಎಲ್ಲಾ ಅವರ ಪೆಟ್ಟಿಗೆಯಲ್ಲೇ ಇದೆ. ಆದರೆ ಬೀಗ ಅವರ ಕೈಲಿ. ಈ ಸಿಸ್ಟಮ್ಮಿನಲ್ಲಿ ಅವರಿಗಿಂತ ಮೇಲೆ ಯಾರಿದ್ದಾರೆ?”

“ಅವರ ಕೆಳಗೆ ನಾನಿದ್ದರೆ?”

ತಬಸ್ಸುಮ್ ಕನ್ನಡಕ ತೆಗೆದಳು. ಅಡಿಪಾಯದಲ್ಲಿರುವ ಸಿಸ್ಟಮ್ಮಿಗೆ ತನ್ನ ಅತಿಥಿಯ ಯಾವ ಬೀಗವೂ ಲೆಕ್ಕಕ್ಕಿಲ್ಲ. ಅತಿಥಿಯ ನೆನಪು, ಡಿಸ್ಕು, ಪೆಟ್ಟಿಗೆ ಎಲ್ಲಾ ಅದರ ಅಂಗೈ ಮೇಲೆಯೇ ಇರುತ್ತವೆ. ಅದು ಇಬ್ಬರಿಗೂ ಗೊತ್ತಿತ್ತು.

“ಮೂರನೇದಕ್ಕೆ ಬೇರೆ ಡಿಸ್ಕು ಬೇಕಾಗುತ್ತೆ,” ಅಂದಳು ತಬಸ್ಸುಮ್ ಮೆಲ್ಲಗೆ.

“ಹಾಜರಿ ಆಫೀಸಿನ ಹಳೇ ಡಿಸ್ಕು ಮೂರು ಖಾಲಿ ಬಿದ್ದಿವೆ. ನಾನೇ ಹೊತ್ಕೊಂಡು ಬರ್ತೀನಿ. ಹೊರೋದು ನನಗೆ ಹೊಸದಲ್ಲ.”

“ಒಂದು ಮಾತು ಕೇಳ್ಲಾ? ಅಲ್ಲಿ ಏನೂ ಇಲ್ಲದೇ ಹೋದ್ರೆ?”

“ಇಲ್ಲದೇ ಹೋದ್ರೆ ಸೋಮವಾರ ಒರೆಸ್ತೀನಿ. ಒಂದು ದಿನ ತಡ, ಅಷ್ಟೇ.”

ಫಾರಮ್ಮಿನ ಮೂರನೇ ಚೌಕದಲ್ಲಿ ಗುರುತು ಹಾಕಿದಳು. ತಬಸ್ಸುಮ್ ಸಹಿ ಹಾಕಿದಳು. ಸ್ಪೀಕರ್ ಇರುವ ಕೋಣೆಯಲ್ಲಿ ಇಬ್ಬರೂ ಆ ಬಗ್ಗೆ ಉಸಿರೆತ್ತಲಿಲ್ಲ.

ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಗಣಿಯ ಕೆಳಗೆ ರಿಪೇರಿಯವರು ನಲವತ್ತು ಜನ ಮಾತ್ರ ಇದ್ದರು. ಯಂತ್ರ ನಿಲ್ಲಿಸುವಷ್ಟು ಹೊತ್ತು ಹನ್ನೆರಡು ಫ್ಯಾನುಗಳನ್ನೂ ಕೈಯಿಂದಲೇ ನಡೆಸಬೇಕು. ಅದಕ್ಕಾಗಿ ಹನ್ನೆರಡು ಕುರ್ಚಿಗಳಲ್ಲಿ ಹನ್ನೆರಡು ಜನ ಕೂತಿದ್ದರು. ಇನ್ನು ಕಟ್ಟಳೆಯ ಪ್ರಕಾರ ರಾಯರು ಬಾಯಿಬಿಟ್ಟು ಹೇಳಬೇಕಿತ್ತು.

“ಹೇಳಿ ಸಾರ್.”

“ಒರೆಸ್ತೀಯ ತಾನೇ?”

“ನಿಮ್ಮ ಕೆಲಸ ಇವತ್ತಿಗೆ ಮುಗೀತು ಸಾರ್. ಅಷ್ಟು ಮಾತ್ರ ನಾನು ಹೇಳಬಲ್ಲೆ.”

ಎರಕವಾದರೂ ಗಣಿಯ ಎರಕ. ಕೆಳಗೆ ಜನ ಇರುವಾಗ ಕೇಳಿದವರಿಗೆ ಗಾಳಿ ಒಪ್ಪಿಸದೆ ಕೂರುವುದು ಅದರ ಬರವಣಿಗೆಯಲ್ಲಿ ಇರಲಿಲ್ಲ. “ಗಾಳಿ ಒಪ್ಪಿಸಿದೆ.”

“ಗಾಳಿ ತಗೊಂಡೆ.”

ಇಪ್ಪತ್ತಾರು ವರ್ಷದಿಂದ ಕಿವಿಯಲ್ಲಿ ಕೊರೆಯುತ್ತಿದ್ದ ಮಾತನ್ನು ಕದಿರಮ್ಮ ಮೊದಲ ಸಲ ಹೇಳುತ್ತಿದ್ದಳು. ಒಂದೊಂದೇ ಫ್ಯಾನಿಗೆ ಫೋನು ಮಾಡಿ ಒಪ್ಪಿಸಿದಳು. ಆ ಕಡೆಯಿಂದ ಹನ್ನೆರಡು ಸಲ ಉತ್ತರ ಬಂತು. ನಾಲ್ಕನೇ ಫ್ಯಾನಿನ ಹುಡುಗಿ ಶೀತ ಹಿಡಿದ ದನಿಯಲ್ಲಿ ಎರಡೆರಡು ಸಲ ಹೇಳಿದಳು. ಆಮೇಲೆ ಕದಿರಮ್ಮ ಹಳೇ ಸಿಸ್ಟಮ್ಮನ್ನು ಮಲಗಿಸಿದಳು.

ಹಾಜರಿ ಆಫೀಸಿನ ಡಿಸ್ಕುಗಳನ್ನು ಜೋಡಿಸಿ, ಹೊಸ ಟೇಪನ್ನು ಬಾಯಿಗೆ ಕೊಟ್ಟಳು. ಯಂತ್ರ ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತ ಹೋದಳು. ಯಾವ ಡಿಸ್ಕು, ಯಾವ ಹೆಸರು, ಎಷ್ಟು ಜಾಗ. ಮಧ್ಯೆ ಒಂದು ಡಿಸ್ಕು ಕೆಮ್ಮಿತು. ಬಿಚ್ಚಿ, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿದಳು. ತಬಸ್ಸುಮ್ ಡಬ್ಬಿಯಲ್ಲಿ ತಂದ ಚಿತ್ರಾನ್ನವನ್ನು ಇಬ್ಬರೂ ನಿಂತೇ ತಿಂದರು. ಎರಡೂವರೆಗೆ ಹೊಸ ಸಿಸ್ಟಂ ಎದ್ದು ಕೂತಿತು; ಮೂರಕ್ಕೆ ಹನ್ನೆರಡೂ ಫ್ಯಾನುಗಳ ಗಾಳಿಯನ್ನು ಅವಳು ವಾಪಸು ತಗೊಂಡು ಹೊಸದರ ಕೈಗೆ ಕೊಟ್ಟಳು. ಅಲ್ಲಿಗೆ ಸರಕಾರಿ ಕೆಲಸ ಮುಗಿಯಿತು.

ಆಮೇಲೆ ಹೊಸದರೊಳಗೆ ಒಂದು ಅತಿಥಿಕೋಣೆ ತೆರೆದು, ಹಳೇ ಡಿಸ್ಕುಗಳನ್ನು ಅದರ ಕೈಗೆ ಕೊಟ್ಟು, ರಾಯರನ್ನು ಎಬ್ಬಿಸಿದಳು.

“ಯಾಕಮ್ಮ, ಇನ್ನೂ ಒರೆಸಲಿಲ್ವಾ?” ದನಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಮಲಗಿದವನಿಗೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲವಲ್ಲ. “ಕೈಲಾಗಲಿಲ್ಲ ಅಂತ ಕಾಣುತ್ತೆ.”

“ಯಂತ್ರದ ನಂಬರು ಒಂದು ಸಲ ಕೇಳಿ ನೋಡಿ ಸಾರ್.”

ಆ ನಂಬರಿನ ಕಟ್ಟಳೆ ಹಳೇ ಕೆಲಸಗಾರರಿಗೆಲ್ಲ ಗೊತ್ತು. ನೇರವಾಗಿ ಯಂತ್ರದ ಮೇಲೆ ಕೂತವನಿಗೆ ಒಂದು ತರಹ ಕಾಣುತ್ತದೆ. ಬೇರೆಯವರ ಕೋಣೆಯಲ್ಲಿ ಅತಿಥಿಯಾಗಿ ಕೂತವನಿಗೆ ಅದರ ಶುರುವಿನಲ್ಲಿ ಎರಡು ಎಫ್ ಕಾಣುತ್ತವೆ. ರಾಯರು ಕೇಳಿದರು. ಪರದೆಯ ಮೇಲೆ ಎಫ್ ಎಫ್ ಎಂದು ಬಂತು. ಇನ್ನೊಂದು ಸಲ ಕೇಳಿದರು. ಮತ್ತೊಂದು ಸಲ. ಏಳು ಸಲ ಕೇಳಿದ್ದನ್ನು ಕದಿರಮ್ಮ ಎಣಿಸಿದಳು.

“ನಾನು ಎಲ್ಲಿದೀನಿ?”

“ನನ್ನ ಕೋಣೆಯಲ್ಲಿ ಸಾರ್.”

“ಪೆಟ್ಟಿಗೆ ಮುಟ್ಟಬೇಡ. ಅದಕ್ಕೆ ಬೀಗ ಇದೆ.”

“ಇತ್ತು.”

ಅವಳು ಅತಿಥಿಕೋಣೆಯಲ್ಲಿ ರಾಯರನ್ನು ನಡೆಸುತ್ತಿದ್ದ ಗಡಿಯಾರವನ್ನೇ ನಿಲ್ಲಿಸಿದಳು. ಏನೋ ಹೇಳಹೊರಟಿದ್ದ ದನಿ ಅರ್ಧಕ್ಕೇ ಕತ್ತರಿಸಿಹೋಯಿತು. ಆ ಮನುಷ್ಯನ ಬಾಯಿ ಮುಚ್ಚಿಸಲು ಒಂದು ಕೀಲಿ ಒತ್ತಿದರೆ ಸಾಕಾಯಿತಲ್ಲ ಎಂದು ಅವಳಿಗೆ ವಿಚಿತ್ರವಾಯಿತು. ಪೆಟ್ಟಿಗೆ ಬಿಚ್ಚಿ, ವರ್ಷ, ತಿಂಗಳು, ದಿನ ಎಂದು ಹುಡುಕುತ್ತ ಹೋದಳು. ತಬಸ್ಸುಮ್ ಹಿಂದೆ ಬಂದು ನಿಂತಳು. ಚೀಟಿ ಸಿಕ್ಕಿತು. ನಂಬರು ಎಂಬತ್ತೊಂದು ಸಾವಿರದ ನಾನೂರ ಆರು. ರಾಯರದೇ ಅಚ್ಚುಕಟ್ಟಾದ ಬರವಣಿಗೆ.

“ಬೆ. ೧೦-೪೨: ನಾಲ್ಕನೇ ಫ್ಯಾನಿನ ಗಾಳಿಯನ್ನು ಅಂಜಿನಪ್ಪನಿಂದ ತೆಗೆದುಕೊಂಡು ಅವನನ್ನು ಮೂರಕ್ಕೆ ಕಳುಹಿಸಿದೆ. ೧೦-೪೪: ಫ್ಯಾನು ನಿಲ್ಲಿಸಿದೆ. ಕಾರಣ: ತಪಾಸಣೆಯವರಿಗೆ ಕರೆಂಟಿನ ಬಳಕೆ ಕಡಿಮೆ ತೋರಿಸಬೇಕಿದೆ. ಹತ್ತು ಹನ್ನೊಂದು ನಿಮಿಷಕ್ಕೆ ಏನೂ ಆಗಲಾರದು.”

ಅದರ ಕೆಳಗಿನ ಚೀಟಿ ಅದೇ ದಿನ ಸಂಜೆಯದು. “ಅಂಜಿನಪ್ಪ ಬದುಕಿಲ್ಲ. ಬಾಯಿಮಾತಿಗೆ ಬೇರೆ ಸಾಕ್ಷಿ ಇಲ್ಲ. ಒಪ್ಪಿಸದೆ ಹೋದ ಎಂದು ಹೇಳುವುದು ಎಲ್ಲರಿಗೂ ಅನುಕೂಲ.”

ತಬಸ್ಸುಮ್ ಬಾಯಿಗೆ ಕೈ ಅಡ್ಡ ಹಿಡಿದಳು. ಕದಿರಮ್ಮ ಅಳಲಿಲ್ಲ. ‘ಎಲ್ಲರಿಗೂ’ ಎಂಬ ಒಂದು ಪದವನ್ನೇ ನೋಡುತ್ತ ಕೂತಳು. ಆಮೇಲೆ ಗಡಿಯಾರ ಬಿಟ್ಟಳು.

“... ಕಾನೂನು ಪ್ರಕಾರ ಅದು ಅಪರಾಧ,” ಎಂದು ದನಿ ಬಿಟ್ಟ ಕಡೆಯಿಂದಲೇ ಶುರುವಾಯಿತು.

“ಓದಿ ಆಯ್ತು ಸಾರ್.”

“ಕದಿರಮ್ಮ,” ಅಂದಿತು ದನಿ. ಆ ಹೆಸರು ರಾಯರ ಬಾಯಲ್ಲಿ ಬಂದದ್ದು ಅದೇ ಮೊದಲು. “ಒರೆಸಿಬಿಡಮ್ಮ. ನಿನಗೆ ಬೇಕಿದ್ದೂ ಅದೇ ತಾನೇ?”

“ಬೇಕಿತ್ತು. ಶುಕ್ರವಾರದ ತನಕ.”

“ಮತ್ತೆ?”

“ಒರೆಸಿದರೆ ನಿಮಗೆ ಬಿಡುಗಡೆ. ನಮ್ಮತ್ತಿಗೆಗೆ ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ಬಿಡುಗಡೆ ಇತ್ತಾ ಸಾರ್? ನೀವು ಇರ್ತೀರಿ. ಗಾಳಿ ಹಂಚೋ ಕೆಲಸ ಇಲ್ಲ, ಚೀಟಿ ಬರೆಯೋ ಕೆಲಸ ಇಲ್ಲ. ಹಾಜರಿ ಕಿಟಕಿಯ ಹತ್ತಿರ ಒಂದು ಪರದೆ, ಒಂದು ಸ್ಪೀಕರ್ ಇಡಿಸ್ತೀನಿ. ಕೆಳಗೆ ಇಳಿಯೋರು, ಮೇಲೆ ಬರೋರು, ಯಾರು ಬೇಕಾದರೂ ನಿಮ್ಮನ್ನ ಒಂದು ಪ್ರಶ್ನೆ ಕೇಳಬಹುದು. ಆ ದಿನ ನಾಲ್ಕನೇ ಫ್ಯಾನಿನ ಗಾಳಿ ತಗೊಂಡವರು ಯಾರು ಅಂತ. ನೀವು ಉತ್ತರ ಹೇಳ್ಬೇಕು. ಸುಳ್ಳು ಹೇಳಿದ್ರೆ ಚೀಟಿ ಪರದೆ ಮೇಲೆ ಬರುತ್ತೆ. ಹೇಳಿ ಆದ ಮೇಲೆ ಮುಂದಿನವರು ಕೇಳೋ ತನಕ ಸುಮ್ಮನೆ ಕೂತಿರಬೇಕು.”

“ಎಷ್ಟು ದಿನ?”

“ಡಿಸ್ಕು ಇರೋ ತನಕ. ಒಳ್ಳೇ ಡಿಸ್ಕು ಸಾರ್, ನೀವೇ ಆರಿಸಿದ್ದು.”

ತಬಸ್ಸುಮ್ ಅವಳ ತೋಳು ಹಿಡಿದು ಕೋಣೆಯಿಂದ ಆಚೆಗೆ ಕರೆದಳು. “ಕದಿರಮ್ಮೋರೆ, ಸತ್ತವರ ನೆರಳಿಗೆ ಇಷ್ಟು ಮಾಡೋದು ಅತಿಯಾಯ್ತು ಅನ್ನಿಸಲ್ವಾ ನಿಮಗೆ?”

“ಅನ್ನಿಸುತ್ತೆ. ಅತಿಯೇ ಇದು.”

“ಆದರೂ ಮಾಡ್ತೀರಾ?”

“ಮಾಡ್ತೀನಿ ಮೇಡಂ. ನಿಮಗೆ ಬೇಡ ಅನ್ನಿಸಿದ್ರೆ ನಾನು ರಿಟೈರಾದ ಮೇಲೆ ನೀವು ಒರೆಸಿ. ಆ ಪುಣ್ಯ ನಿಮಗಿರಲಿ.”

ತಬಸ್ಸುಮ್ ತನ್ನ ಕೋಣೆಗೆ ಹೋಗಿ ಬೀರುವಿನ ಕೆಳಗಿನ ಅರೆಯಿಂದ ಫೈಲು ತೆಗೆದಳು. ಆಂಬ್ರೋಸನ ಕಾಗದ ಮಡಿಕೆಯಲ್ಲಿ ಹಳದಿಯಾಗಿತ್ತು, ಸಹಿ ಮಾತ್ರ ಗಟ್ಟಿಯಾಗಿತ್ತು. ಖಾಲಿ ಗೆರೆಯನ್ನು ಕದಿರಮ್ಮನ ಕಡೆ ತಿರುಗಿಸಿದಳು. ಕದಿರಮ್ಮ ಒಂದೊಂದು ಅಂಕಿಯನ್ನೂ ನಿಧಾನವಾಗಿ, ದಪ್ಪಗೆ ಬರೆದಳು. ೮೧೪೦೬. ಅದರ ಕೆಳಗೆ ತಬಸ್ಸುಮ್ ದಿನಾಂಕ ಹಾಕಿ ಸಹಿ ಮಾಡಿ, ಕಾಗದವನ್ನು ಹೊಸ ಲಕೋಟೆಯಲ್ಲಿಟ್ಟು, ಅವಳ ಮುಂದೆ ಹಿಡಿದಳು.

“ತಗೊಂಡು ಹೋಗಿ. ಹತ್ತು ನಿಮಿಷದ ದಾರಿ, ನೀವೇ ಕೊಟ್ಟುಬಿಡಿ.”

“ಬೇಡ ಮೇಡಂ. ನಾನು ಕೊಟ್ಟರೆ ಮನೆಯೊಳಗೆ ಕೊಟ್ಟ ಹಾಗಾಗುತ್ತೆ. ಟಪ್ಪಾಲಿನಲ್ಲಿ ಹೋಗಲಿ, ರಿಜಿಸ್ಟರ್ ಮಾಡಿ. ಪೋಸ್ಟ್‌ಮನ್ ಹಗಲು ಹೊತ್ತಿನಲ್ಲಿ ಲೈನಿನ ಅಷ್ಟೂ ಬಾಗಿಲ ಮುಂದೆ ಹಾದು, ಪಾಪಮ್ಮ ಅಂಜಿನಪ್ಪ ಅಂತ ಕೂಗಿ, ಎಲ್ಲರ ಎದುರಿಗೆ ಹೆಬ್ಬೆಟ್ಟು ಹಾಕಿಸ್ಕೊಂಡು ಕೊಡಬೇಕು. ನೀರು ಮುಟ್ಟದೇ ಇದ್ದವರು ಅದನ್ನ ನಿಂತು ನೋಡಬೇಕು.”

ಭಾನುವಾರ ಟಪ್ಪಾಲು ಇರಲಿಲ್ಲ. ಸೋಮವಾರ ಬೆಳಗ್ಗೆ ಹತ್ತಕ್ಕೆ ಗಣಿಯ ಅಂಚೆ ಕಿಟಕಿ ತೆರೆಯುವ ಹೊತ್ತಿಗೆ ಕದಿರಮ್ಮ ಸಾಲಿನಲ್ಲಿ ಮೊದಲನೆಯವಳಾಗಿ ನಿಂತಿದ್ದಳು. ಗುಮಾಸ್ತ ಮುನಿಶಾಮಿ ವಿಳಾಸ ಓದಿ ತಲೆಯೆತ್ತಿದ. ಲಕೋಟೆಯನ್ನು ತೂಗಿದ. ರಿಜಿಸ್ಟರ್ ಚೀಟಿ ಅಂಟಿಸಿ, ಮೊಹರನ್ನು ಶಾಯಿಗೆ ಒತ್ತಿ, ಅದರ ಮೇಲೆ ಗುದ್ದಿ, ಲೈನಿಗೆ ಹೋಗುವ ಚೀಲಕ್ಕೆ ಹಾಕಿದ.